ಪುರುಷರ 100 ಮೀಟರ್ ಫ್ರೀಸ್ಟೈಲ್ ಈಜು: ಹಾಸನದ ಮಕ್ಕಳೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಜುಲೈ 31ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ 100 ಮೀಟರ್ ಫ್ರೀಸ್ಟೈಲ್ ಫೈನಲ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಆ ಸ್ಪರ್ಧೆಯನ್ನು ಆಮೇಲೆ ಮೊಬೈಲಿನಲ್ಲಿ ನೋಡಿದ ಹಾಸನದ ಮಕ್ಕಳು, ಅವರನ್ನು ಈಜಿಗೆ ಸೇರಿಸಿರುವ ತಂದೆತಾಯಂದಿರು ಇಂದಿಗೂ ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದೆ. ಹೇಮಾವತಿಯೂ ಯಗಚಿಯೂ ಹರಿಯುವ, ಊರಿಗೊಂದು ಕೆರೆಯಿರುವ ಜಿಲ್ಲೆ ನಮ್ಮದು. ಇಲ್ಲಿನ ಮಕ್ಕಳಿಗೆ ನೀರಿನ ಭಯ ಕಡಿಮೆ, ಆದರೆ ಅಳತೆಯ ಅಭ್ಯಾಸ ಇನ್ನೂ ಕಡಿಮೆ. ಈ ಸ್ಪರ್ಧೆ ನಿಂತಿರುವುದೇ ಅಳತೆಯ ಮೇಲೆ ಎಂಬ ಕಾರಣಕ್ಕೆ ಕೆಲವು ಉತ್ತರಗಳು ಉದ್ದವಾಗಿವೆ.

ಪ್ಯಾರಿಸ್ ಫೈನಲ್‌ನಲ್ಲಿ ಅಂಥದ್ದೇನು ನಡೆಯಿತು?

ಚೀನಾದ ಪಾನ್ ಝಾನ್‌ಲೆ 46.40 ಸೆಕೆಂಡುಗಳಲ್ಲಿ ಗುರಿ ಮುಟ್ಟಿ, ಅದೇ ವರ್ಷ ಫೆಬ್ರುವರಿಯಲ್ಲಿ ದೋಹಾದಲ್ಲಿ ತಾವೇ ಬರೆದಿದ್ದ 46.80ರ ವಿಶ್ವದಾಖಲೆಯನ್ನು ಅಳಿಸಿಹಾಕಿದರು. ಆಸ್ಟ್ರೇಲಿಯಾದ ಕೈಲ್ ಚಾಮರ್ಸ್ 47.48ಕ್ಕೆ ಬೆಳ್ಳಿ, ರೊಮೇನಿಯಾದ ಡೇವಿಡ್ ಪೊಪೊವಿಚಿ 47.49ಕ್ಕೆ ಕಂಚು ಪಡೆದರು. ಹಂಗೇರಿಯ ನಾಂದೋರ್ ನೇಮೆತ್ 47.50ಕ್ಕೆ ಬರಿಗೈಯಲ್ಲಿ ಮರಳಿದರು. ಎರಡನೆಯವರಿಂದ ನಾಲ್ಕನೆಯವರವರೆಗೆ ಇದ್ದ ಅಂತರ ಒಂದು ಸೆಕೆಂಡಿನ ನೂರರಲ್ಲಿ ಎರಡು ಪಾಲು ಮಾತ್ರ, ಆದರೆ ಮೊದಲಿನವರಿಗೂ ಎರಡನೆಯವರಿಗೂ ಇದ್ದ ಅಂತರ 1.08 ಸೆಕೆಂಡು.

ಈ ಅಂತರ ಎಷ್ಟು ದೊಡ್ಡದೆಂಬುದು ತಿಳಿಯಬೇಕಾದರೆ ಹಿಂದಿನ ದಾಖಲೆಗಳ ಸಾಲನ್ನು ನೋಡಬೇಕು. ಬ್ರೆಜಿಲ್‌ನ ಸೀಸರ್ ಸಿಯೆಲೊ 2009ರಲ್ಲಿ ರೋಮ್‌ನಲ್ಲಿ 46.91 ಸೆಕೆಂಡುಗಳಲ್ಲಿ ಈಜಿದರು. ಆ ದಾಖಲೆಯನ್ನು 2022ರ ಆಗಸ್ಟ್‌ನಲ್ಲಿ, ಅದೇ ರೋಮ್‌ನಲ್ಲಿ, ಪೊಪೊವಿಚಿ 46.86ಕ್ಕೆ ಇಳಿಸಿದರು. ಬಳಿಕ ಬಂದದ್ದು ಪಾನ್ ಅವರ 46.80. ಅಂದರೆ ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಲೋಕದ ಅತಿ ವೇಗದ ಈಜುಗಾರರೆಲ್ಲ ಸೇರಿ ಕಡಿತ ಮಾಡಿದ್ದು 0.11 ಸೆಕೆಂಡು, ಪ್ಯಾರಿಸ್‌ನ ಆ ಒಂದು ರಾತ್ರಿ ಕಡಿತವಾದದ್ದು 0.40 ಸೆಕೆಂಡು. ಪ್ಯಾರಿಸ್‌ನ ತಾತ್ಕಾಲಿಕ ಕೊಳದ ಆಳ ಸುಮಾರು 2.2 ಮೀಟರ್ ಮಾತ್ರ ಇದ್ದುದರಿಂದ ಅಲೆಗಳು ತಳಕ್ಕೆ ಬಡಿದು ಮರಳುತ್ತವೆ, ಇಲ್ಲಿ ದಾಖಲೆ ಕಷ್ಟ ಎಂಬ ಚರ್ಚೆ ದಿನಗಟ್ಟಲೆ ನಡೆದಿತ್ತು. ಆ ಕೂಟದ ಈಜಿನಲ್ಲಿ ಮೊದಲು ಮೂಡಿದ ವಿಶ್ವದಾಖಲೆ ಇದೇ.

ಪಾನ್ ಮೊದಲ 50 ಮೀಟರನ್ನು 22.28ರಲ್ಲೂ ಎರಡನೆಯದನ್ನು 24.12ರಲ್ಲೂ ಮುಗಿಸಿದರು. ಮೊದಲ ಭಾಗದಲ್ಲಿ ಡೈವ್‌ನ ಲಾಭವಿರುತ್ತದೆ, ಎರಡನೆಯ ಭಾಗದಲ್ಲಿ ಅದಿಲ್ಲ. ಆ ದೃಷ್ಟಿಯಿಂದ ನನಗೆ ಹೆಚ್ಚು ಬೆರಗು ಹುಟ್ಟಿಸುವ ಅಂಕಿ 24.12. ಮರುವರ್ಷ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪೊಪೊವಿಚಿ 46.51ರಲ್ಲಿ ಈಜಿ ಚಿನ್ನ ಗೆದ್ದರು.

ಫ್ರೀಸ್ಟೈಲ್‌ನಲ್ಲಿ ನಿಜವಾಗಿಯೂ ಯಾವ ಬಗೆಯಲ್ಲಾದರೂ ಈಜಬಹುದೇ?

ಈಜಬಹುದು. ಆದರೂ ಎಲ್ಲರೂ ಮುಂಗೈ ಬೀಸಿ ಈಜುವ ಕ್ರಾಲ್ ಅನ್ನೇ ಆರಿಸಿಕೊಳ್ಳುವುದು ಅದಕ್ಕಿಂತ ವೇಗದ ಬಗೆ ಇಲ್ಲದಿರುವುದರಿಂದ. ಉಳಿದಂತೆ ನಿಯಮಗಳು ಕಟ್ಟುನಿಟ್ಟಾಗಿವೆ. ತಿರುವಿನಲ್ಲಿ ದೇಹದ ಯಾವುದಾದರೂ ಒಂದು ಭಾಗ ಗೋಡೆಯನ್ನು ಮುಟ್ಟಲೇಬೇಕು. ಡೈವ್ ಮಾಡಿದ ಮೇಲೂ ತಿರುವಿನ ಮೇಲೂ 15 ಮೀಟರ್ ದಾಟುವುದರೊಳಗೆ ತಲೆ ನೀರಿನಿಂದ ಮೇಲೆ ಬಂದಿರಬೇಕು. ತಳದ ಮೇಲೆ ನಡೆಯುವಂತಿಲ್ಲ, ಲೇನಿನ ಹಗ್ಗ ಹಿಡಿದು ಎಳೆದುಕೊಳ್ಳುವಂತಿಲ್ಲ.

ನೂರರ ಒಂದು ಪಾಲು ಸೆಕೆಂಡನ್ನು ಅಳೆಯುವುದು ಹೇಗೆ? ಅದಕ್ಕೂ ಸೂಕ್ಷ್ಮವಾಗಿ ಏಕೆ ಅಳೆಯುವುದಿಲ್ಲ?

ಇದಕ್ಕೆ ಉತ್ತರ ಹೇಳಲು 1960ರ ರೋಮ್ ಒಲಿಂಪಿಕ್ಸ್‌ಗೆ ಹೋಗಬೇಕು, ಏಕೆಂದರೆ ಈ ಆಟದ ದೊಡ್ಡ ಅನ್ಯಾಯಗಳಲ್ಲಿ ಒಂದು ಅಲ್ಲಿ, ಇದೇ ಪುರುಷರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ನಡೆಯಿತು ಎಂದು ನಾನು ನಂಬುತ್ತೇನೆ. ಅಮೆರಿಕದ ಲ್ಯಾನ್ಸ್ ಲಾರ್ಸನ್ ಅವರ ಲೇನಿಗಿದ್ದ ಮೂವರು ಗಡಿಯಾರದವರು 55.0, 55.1, 55.1 ಎಂದು ದಾಖಲಿಸಿದರು. ಆಸ್ಟ್ರೇಲಿಯಾದ ಜಾನ್ ಡೆವಿಟ್ ಅವರ ಲೇನಿನ ಮೂವರೂ 55.2 ಎಂದರು. ಗಡಿಯಾರಗಳ ಪ್ರಕಾರ ಲಾರ್ಸನ್ ಮುಂದಿದ್ದರೂ, ಗುರಿಯನ್ನು ಕಣ್ಣಿನಿಂದ ನೋಡಿ ತೀರ್ಪು ಕೊಡುವವರಲ್ಲಿ ಒಡಕು ಮೂಡಿ, ಕೊನೆಗೆ ಚಿನ್ನ ಡೆವಿಟ್ ಅವರ ಪಾಲಾಯಿತು. ಲಾರ್ಸನ್ ಅವರ ಸಮಯವನ್ನೂ 55.2 ಎಂದೇ ಬರೆದುಕೊಳ್ಳಲಾಯಿತು. ಮನುಷ್ಯರ ಕಣ್ಣನ್ನು ನಂಬಿಕೊಂಡರೆ ಸಾಲದೆಂಬುದು ಈ ವಿವಾದದಿಂದ ಎಲ್ಲರಿಗೂ ಮನದಟ್ಟಾಗಿ, ಗೋಡೆಗೆ ಅಳವಡಿಸುವ ಟಚ್‌ಪ್ಯಾಡ್‌ಗಳತ್ತ ಈಜು ಲೋಕ ತಿರುಗಿತು. ಈಗ ಈಜುಗಾರನ ಕೈಯೇ ಆ ಹಲಗೆಯನ್ನು ಒತ್ತಿ ಗಡಿಯಾರವನ್ನು ನಿಲ್ಲಿಸುತ್ತದೆ. ಮೆಲ್ಲಗೆ ಸವರಿದರೆ ಅದು ನಿಲ್ಲದು, ಗಟ್ಟಿಯಾಗಿ ಒತ್ತಬೇಕು.

ಇನ್ನು ಸಾವಿರದ ಪಾಲಿನ ಮಾತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ 400 ಮೀಟರ್ ಮೆಡ್ಲೆಯಲ್ಲಿ (ನಾಲ್ಕೂ ಬಗೆಯ ಈಜು ಸೇರಿದ ಸ್ಪರ್ಧೆ) ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅವರಿಗೆ 0.002 ಸೆಕೆಂಡಿನ ಅಂತರದಲ್ಲಿ ಚಿನ್ನ ಕೊಡಲಾಯಿತು. ಬಳಿಕ ಆ ಪದ್ಧತಿಯನ್ನೇ ಕೈಬಿಟ್ಟರು. 50 ಮೀಟರ್ ಕೊಳವನ್ನು ಕಟ್ಟುವಾಗ ಒಂದು ಲೇನ್ ಇನ್ನೊಂದಕ್ಕಿಂತ ತುಸು ಉದ್ದವಾಗಿರಲು ನಿಯಮವೇ ಅವಕಾಶ ಕೊಡುತ್ತದೆ. ವೇಗದ ಈಜುಗಾರ ಸಾವಿರದ ಒಂದು ಪಾಲು ಸೆಕೆಂಡಿನಲ್ಲಿ ಸಾಗುವುದು ಎರಡು ಮಿಲಿಮೀಟರಿನಷ್ಟು. ಲೇನುಗಳ ಉದ್ದದಲ್ಲೇ ಅದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದಾದಾಗ ಅಷ್ಟು ಸೂಕ್ಷ್ಮವಾಗಿ ಗೆದ್ದವರು ಯಾರೆಂದು ಹೇಳುವುದು ಪ್ರಾಮಾಣಿಕವಾಗದು. ಆದ್ದರಿಂದಲೇ 2000ದ ಸಿಡ್ನಿಯ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಅಮೆರಿಕದ ಆಂಟನಿ ಎರ್ವಿನ್ ಮತ್ತು ಗ್ಯಾರಿ ಹಾಲ್ ಜೂನಿಯರ್ ಇಬ್ಬರೂ 21.98ಕ್ಕೆ ಗೋಡೆ ಮುಟ್ಟಿದಾಗ ಇಬ್ಬರಿಗೂ ಚಿನ್ನ ಕೊಟ್ಟರು. ಇದು ಸರಿಯಾದ ತೀರ್ಮಾನ.

50 ಮೀಟರ್ ಮತ್ತು 100 ಮೀಟರ್ ಸ್ಪರ್ಧೆಗಳು ಒಂದೇ ಬಗೆಯವೇ?

ಅಲ್ಲ. 100 ಮೀಟರ್ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಹಂಗೇರಿಯ ಆಲ್ಫ್ರೆಡ್ ಹಾಯೋಷ್ ಅದನ್ನು ಗ್ರೀಸಿನ ತೆರೆದ ಸಮುದ್ರದಲ್ಲಿ ಈಜಿ ಗೆದ್ದರು. ಇಂದಿನ 50 ಮೀಟರ್ ಒಲಿಂಪಿಕ್ಸ್‌ಗೆ ಸೇರಿದ್ದು 1988ರ ಸೋಲ್ ಕೂಟದಲ್ಲಿ. ಐವತ್ತರಲ್ಲಿ ತಿರುವೇ ಇಲ್ಲ, ಆದ್ದರಿಂದ ಡೈವ್ ಕೆಟ್ಟರೆ ಸರಿಪಡಿಸಿಕೊಳ್ಳಲು ಎಡೆಯೇ ಇರುವುದಿಲ್ಲ. ನೂರರಲ್ಲಿ ಕೊನೆಯ 25 ಮೀಟರಿಗೆ ಬರುವಷ್ಟರಲ್ಲಿ ತೋಳುಗಳು ಕಲ್ಲಾಗಿರುತ್ತವೆ, ಆಗಲೂ ಸ್ಟ್ರೋಕ್‌ನ, ಅಂದರೆ ಕೈಬೀಸಿನ, ಉದ್ದ ಕಾಪಾಡಿಕೊಳ್ಳಬಲ್ಲವನು ಗೆಲ್ಲುತ್ತಾನೆ. ಎರಡನ್ನೂ ಒಂದೇ ಒಲಿಂಪಿಕ್ಸ್‌ನಲ್ಲಿ ಗೆದ್ದವರೂ ಇದ್ದಾರೆ. ಮ್ಯಾಟ್ ಬಿಯಾಂಡಿ 1988ರಲ್ಲಿ, ಅಲೆಕ್ಸಾಂಡರ್ ಪೊಪೊವ್ 1992 ಮತ್ತು 1996ರಲ್ಲಿ, ಕೇಲೆಬ್ ಡ್ರೆಸೆಲ್ ಟೋಕಿಯೋದಲ್ಲಿ ಈ ಸಾಧನೆ ಮಾಡಿದರು.

ನನ್ನ ಮಗನಿಗೆ ಕೈಕಾಲಿನಲ್ಲಿ ಒಳ್ಳೆಯ ಬಲವಿದೆ. ವೇಗಕ್ಕೆ ಅಷ್ಟು ಸಾಲದೇ?

ಸಾಲದು. ತೋಟದ ಕೆಲಸದಲ್ಲೋ ಕಬಡ್ಡಿಯಲ್ಲೋ ಗಟ್ಟಿಯಾದ ಹುಡುಗರು ನೀರಿಗಿಳಿದಾಗ ಇಪ್ಪತ್ತು ಮೀಟರಿಗೇ ಏದುಸಿರು ಬಿಡುತ್ತಾ ನಿಲ್ಲುವುದನ್ನು ಈಜು ಕಲಿಸುವ ಎಲ್ಲರೂ ಕಂಡಿರುತ್ತಾರೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಈಜುವ ವೇಗ ಹೆಚ್ಚಿದಂತೆ ನೀರಿನ ತಡೆ ಸುಮಾರಾಗಿ ವೇಗದ ವರ್ಗದಷ್ಟು ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಮೀರಲು ಪ್ರತಿ ಕ್ಷಣ ವ್ಯಯಿಸಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ತಲೆ ಎತ್ತಿ ಈಜಿದರೆ ಸೊಂಟವೂ ಕಾಲುಗಳೂ ಕೆಳಗಿಳಿದು, ದೇಹ ನೀರಿಗೆ ಅಡ್ಡ ಹಿಡಿದ ಹಲಗೆಯಂತಾಗುತ್ತದೆ. ಆಗ ಎಷ್ಟೇ ಬಲವಿದ್ದರೂ ಅದು ನೀರನ್ನು ಕಲಕುವುದಕ್ಕೇ ಖರ್ಚಾಗುತ್ತದೆ.

ಬಲವೇ ಬೇಡವೆಂದು ಇದರ ಅರ್ಥವಲ್ಲ. 2024ರಲ್ಲಿ 50 ಮೀಟರ್ ಚಿನ್ನವನ್ನು 21.25ಕ್ಕೆ ಗೆದ್ದ ಆಸ್ಟ್ರೇಲಿಯಾದ ಕ್ಯಾಮರಾನ್ ಮೆಕೆವಾಯ್ ಅವರ ದಾರಿ ಇಲ್ಲಿ ಗಮನಿಸತಕ್ಕದ್ದು. ಭೌತವಿಜ್ಞಾನ ಓದಿದ ಅವರು, ದಿನವೂ ಕಿಲೋಮೀಟರುಗಟ್ಟಲೆ ಈಜುವ ಹಳೆಯ ಕ್ರಮವನ್ನು ಬಿಟ್ಟು, ಈಜುವ ದೂರವನ್ನು ಬಹಳಷ್ಟು ತಗ್ಗಿಸಿ, ಜಿಮ್‌ನಲ್ಲಿ ಬಲ ಬೆಳೆಸಿಕೊಂಡು, ನೀರಿನಲ್ಲಿ ಪೂರ್ಣ ವೇಗದ ಚಿಕ್ಕ ಚಿಕ್ಕ ಓಟಗಳಿಗೆ ಗಮನ ಕೊಟ್ಟರು. 2016ರ ರಿಯೋದಲ್ಲಿ 100 ಮೀಟರ್‌ಗೆ ನೆಚ್ಚಿನ ಸ್ಪರ್ಧಿಯಾಗಿ ಹೋಗಿ ಏಳನೆಯವರಾಗಿ ಮರಳಿದವರು ಇವರೇ. ಆದರೆ ಹತ್ತು ಹನ್ನೆರಡು ವರ್ಷದ ಮಗುವಿಗೆ ಇದನ್ನು ಹಾಗೆಯೇ ಅನ್ವಯಿಸಬಾರದು. ವರ್ಷಗಟ್ಟಲೆ ದೂರದ ಈಜು ಈಜಿ ತಂತ್ರ ಮೈಗೂಡಿದ ಮೇಲೆ ಅವರು ಹಿಡಿದ ದಾರಿ ಅದು. ಮಗುವಿಗೆ ಮೊದಲು ಬೇಕಾದದ್ದು ನೀರಿನ ಮೇಲೆ ನೆಟ್ಟಗೆ ಮಲಗುವುದು.

ಡೈವ್‌ಗೆ ಅಷ್ಟೊಂದು ಮಹತ್ವ ಏಕೆ?

ಇಡೀ ಸ್ಪರ್ಧೆಯಲ್ಲಿ ಈಜುಗಾರನ ವೇಗ ಅತಿ ಹೆಚ್ಚಾಗಿರುವುದು ಅವನು ನೀರನ್ನು ಹೊಗುವ ಕ್ಷಣದಲ್ಲಿ. ಅಲ್ಲಿಂದ ಮುಂದೆ ಅದು ಇಳಿಯುತ್ತಲೇ ಹೋಗುತ್ತದೆ, ಇಳಿಕೆಯನ್ನು ಆದಷ್ಟು ತಡಮಾಡುವುದೇ ಜಾಣತನ. ಬೆರಳ ತುದಿ ತೂರಿದ ಜಾಗದಲ್ಲೇ ತಲೆ, ಸೊಂಟ, ಪಾದಗಳೂ ತೂರಬೇಕು. ಒಳಗೆ ಡಾಲ್ಫಿನ್ ಕಿಕ್ (ಎರಡೂ ಕಾಲು ಜೋಡಿಸಿ ಒದೆಯುವುದು) ಹೊಡೆದು ಮೇಲೆ ಬಂದ ಮೇಲೆ ಮೊದಲ ಸ್ಟ್ರೋಕ್‌ನಲ್ಲಿ ಉಸಿರು ತೆಗೆದುಕೊಳ್ಳಬಾರದು.

ಈಗಿನ ಸ್ಟಾರ್ಟಿಂಗ್ ಬ್ಲಾಕ್‌ನ ಹಿಂಭಾಗದಲ್ಲಿ ಕಾಲನ್ನು ಒತ್ತಿ ನೂಕಲು ಓರೆಯಾದ ಹಲಗೆಯಿರುತ್ತದೆ. ಬ್ಲಾಕ್‌ನ ಎತ್ತರ ನೀರಿನ ಮಟ್ಟದಿಂದ 50ರಿಂದ 75 ಸೆಂಟಿಮೀಟರ್. ಸದ್ದು ಕೇಳಿ ಬ್ಲಾಕ್ ಬಿಡಲು ಅಗ್ರ ಈಜುಗಾರರಿಗೆ 0.6ರಿಂದ 0.7 ಸೆಕೆಂಡು ಸಾಕಾಗುತ್ತದೆ. ಸದ್ದಿಗೆ ಮುಂಚೆ ಬಿಟ್ಟರೆ ಎಚ್ಚರಿಕೆಯೂ ಇಲ್ಲದೆ ಅನರ್ಹತೆ. ಸಿಡ್ನಿಯಲ್ಲಿ ಈಕ್ವಟೋರಿಯಲ್ ಗಿನಿಯ ಎರಿಕ್ ಮುಸ್ಸಂಬಾನಿ ಅವರ ಹೀಟ್‌ನ (ಮೊದಲ ಸುತ್ತಿನ ಗುಂಪಿನ) ಉಳಿದಿಬ್ಬರೂ ಹೀಗೆ ಹೊರಬಿದ್ದು, ಅವರು ಇಡೀ ಕೊಳದಲ್ಲಿ ಒಬ್ಬರೇ 1 ನಿಮಿಷ 52.72 ಸೆಕೆಂಡುಗಳಲ್ಲಿ 100 ಮೀಟರ್ ಈಜಿದರು. ಆ ಮೊದಲು ಅವರು 50 ಮೀಟರ್ ಉದ್ದದ ಕೊಳವನ್ನು ಕಂಡೇ ಇರಲಿಲ್ಲ. ಕೊನೆಯ ಮೀಟರುಗಳಲ್ಲಿ ಮುಳುಗುವಂತಾದರೂ ಅವರು ಹಗ್ಗ ಹಿಡಿಯಲಿಲ್ಲ. ಆ ಓಟವನ್ನು ನಕ್ಕು ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಉಸಿರು ಎಷ್ಟು ಸಲ ತೆಗೆದುಕೊಳ್ಳುತ್ತಾರೆ?

50 ಮೀಟರ್‌ನಲ್ಲಿ ಅನೇಕರು ಒಮ್ಮೆ, ಕೆಲವರು ಒಮ್ಮೆಯೂ ಇಲ್ಲ. 100 ಮೀಟರ್‌ನಲ್ಲಿ ಉಸಿರಿಲ್ಲದೆ ಆಗದು. ಮಕ್ಕಳಿಗೆ ಒಂದು ಎಚ್ಚರಿಕೆ: ದೀರ್ಘವಾಗಿ, ರಭಸವಾಗಿ ಹಲವು ಸಲ ಉಸಿರಾಡಿ ಆಮೇಲೆ ಉಸಿರು ಬಿಗಿಹಿಡಿದು ನೀರೊಳಗೆ ಪಂದ್ಯ ಕಟ್ಟುವ ಆಟ ಪ್ರಾಣಕ್ಕೆ ಕುತ್ತು. ಅದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ, ಉಸಿರು ಬೇಕೆಂಬ ತುಡಿತ ಹುಟ್ಟುವ ಮುನ್ನವೇ ಎಚ್ಚರ ತಪ್ಪುತ್ತದೆ.

2009ರ ದಾಖಲೆಗಳು ಅಷ್ಟು ವರ್ಷ ಉಳಿದದ್ದು ಉಡುಪಿನಿಂದಲೇ?

ಬಹುಮಟ್ಟಿಗೆ ಹೌದು. ಆಗಿನ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಉಡುಪುಗಳು ದೇಹವನ್ನು ಬಿಗಿದು, ನೀರಿನಲ್ಲಿ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ ಒಂದರಲ್ಲೇ 43 ವಿಶ್ವದಾಖಲೆಗಳು ಬಿದ್ದವು. 2010ರ ಜನವರಿ 1ರಿಂದ ಅವುಗಳನ್ನು ನಿಷೇಧಿಸಿ, ಪುರುಷರ ಉಡುಪು ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮಾತ್ರ, ಅದೂ ಬಟ್ಟೆಯದ್ದೇ ಆಗಿರಬೇಕೆಂದು ವಿಧಿಸಲಾಯಿತು. ಸಿಯೆಲೊ 2009ರ ಡಿಸೆಂಬರ್‌ನಲ್ಲಿ 50 ಮೀಟರನ್ನು 20.91ರಲ್ಲಿ ಈಜಿದ ದಾಖಲೆ ಹದಿನೈದು ವರ್ಷಕ್ಕೂ ಮೀರಿ ಬಾಳಿತು. ಸಾಧಾರಣ ಬಟ್ಟೆಯ ಉಡುಪಿನಲ್ಲಿ ಬಂದ 46.40ರ ಬೆಲೆ ಇದರಿಂದ ಇನ್ನೂ ಹೆಚ್ಚುತ್ತದೆ.

ಪಾನ್ ಅದೇ ಪ್ಯಾರಿಸ್‌ನಲ್ಲಿ 45.92ರಲ್ಲಿ ಈಜಿದ್ದಾರಲ್ಲ, ಅದು ಏಕೆ ದಾಖಲೆಯಲ್ಲ?

ಅದು 4x100 ಮೀಟರ್ ಮೆಡ್ಲೆ ರಿಲೇಯ ಕೊನೆಯ ಸರದಿ. ಹಿಂದಿನ ಈಜುಗಾರ ಗೋಡೆಯತ್ತ ಬರುತ್ತಿರುವುದನ್ನು ಕಣ್ಣಾರೆ ನೋಡುತ್ತಾ, ಅವನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ದೇಹ ಆಗಲೇ ಮುಂದೆ ಬಾಗಿರುವಂತೆ ಹಾರಬಹುದು. ಸದ್ದಿಗಾಗಿ ಕಾಯುವ ಅರ್ಧ ಸೆಕೆಂಡಿನಷ್ಟು ಉಳಿಯುತ್ತದೆ. ರಿಲೇಯ ಮೊದಲ ಸರದಿಯವರು ಮಾತ್ರ ಸದ್ದಿಗೆ ಹೊರಡುವುದರಿಂದ ಅವರ ಸಮಯ ದಾಖಲೆಗೆ ಸಲ್ಲುತ್ತದೆ. ದೋಹಾದ 46.80 ಬಂದದ್ದು ಹಾಗೆಯೇ.

ಮಧ್ಯದ ಲೇನ್ ಯಾರಿಗೆ ಸಿಗುತ್ತದೆ?

ಹಿಂದಿನ ಸುತ್ತಿನ ಅತಿ ವೇಗದವನಿಗೆ 4ನೆಯ ಲೇನ್, ಬಳಿಕ ಕ್ರಮವಾಗಿ 5, 3, 6, 2, 7, 1, 8.

ನಮ್ಮ ಮಗ 25 ಮೀಟರ್ ಕೊಳದಲ್ಲಿ 50 ಮೀಟರನ್ನು 27 ಸೆಕೆಂಡಿಗೆ ಮುಗಿಸುತ್ತಾನೆ. ರಾಷ್ಟ್ರಮಟ್ಟಕ್ಕೆ ಹತ್ತಿರವೇ?

ಈ ಪ್ರಶ್ನೆ ಬಂದಾಗಲೆಲ್ಲ ಎರಡು ವಿಷಯ ಕೇಳಬೇಕಾಗುತ್ತದೆ: ಸಮಯ ಹಿಡಿದವರು ಯಾರು, ಯಾವುದರಲ್ಲಿ ಹಿಡಿದರು? ದಂಡೆಯಲ್ಲಿ ನಿಂತ ತಂದೆ ಸೀಟಿ ಕೇಳಿ ಮೊಬೈಲಿನ ಗಡಿಯಾರ ಒತ್ತುವಾಗ ತುಸು ತಡವಾಗುತ್ತದೆ. ಮಗ ಗೋಡೆಯ ಹತ್ತಿರ ಬರುವುದು ಮೊದಲೇ ಕಾಣುವುದರಿಂದ ನಿಲ್ಲಿಸುವಾಗ ಅಷ್ಟು ತಡವಾಗುವುದಿಲ್ಲ. ಹೀಗೆ ಕೈಯಲ್ಲಿ ಹಿಡಿದ ಸಮಯ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸಮಯಕ್ಕಿಂತ 0.2 ಸೆಕೆಂಡಿನಷ್ಟಾದರೂ ಕಡಿಮೆ ತೋರುತ್ತದೆ, ಮನೆಯವರ ಕೈಯಲ್ಲಿ ಇನ್ನೂ ಹೆಚ್ಚು. ಎರಡನೆಯದಾಗಿ, 25 ಮೀಟರ್ ಕೊಳದಲ್ಲಿ ನಡುವೆ ಒಂದು ತಿರುವು ಸಿಗುತ್ತದೆ. ಗೋಡೆಯನ್ನು ಒದ್ದು ಹೊರಡುವಾಗಿನ ವೇಗ ಕೈಬೀಸಿ ಗಳಿಸುವ ವೇಗಕ್ಕಿಂತ ಹೆಚ್ಚು. ಕೇಮನ್ ದ್ವೀಪಗಳ ಜಾರ್ಡನ್ ಕ್ರುಕ್ಸ್ 2024ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ 50 ಮೀಟರನ್ನು 19.90ರಲ್ಲಿ ಮುಗಿಸಿದ್ದು ಇಂಥ ಚಿಕ್ಕ ಕೊಳದಲ್ಲಿ, ಆದ್ದರಿಂದಲೇ ಎರಡೂ ಉದ್ದಗಳಿಗೆ ಬೇರೆ ಬೇರೆ ದಾಖಲೆಪಟ್ಟಿಗಳಿವೆ. ಮಗುವಿನ ನಿಜವಾದ ಸಮಯ ತಿಳಿಯಬೇಕಾದರೆ ಬೆಂಗಳೂರಿನ 50 ಮೀಟರ್ ಕೊಳದಲ್ಲಿ ನಡೆಯುವ ಅಧಿಕೃತ ಕೂಟವೊಂದರಲ್ಲಿ ಈಜಿಸಬೇಕು. ಅಂಕಿ ನಿರಾಸೆ ತಂದರೂ ಮುಂದಿನ ಅಭ್ಯಾಸಕ್ಕೆ ಅದೇ ಆಧಾರ.

ಗೊರೂರಿನ ಹಿನ್ನೀರಿನಲ್ಲೋ ಊರ ಕೆರೆಯಲ್ಲೋ ಅಭ್ಯಾಸ ಮಾಡಿದರೆ ಆಗದೇ?

ನಮ್ಮ ಹಿರಿಯರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು. ನೀರಿನ ಮೇಲೆ ನಂಬಿಕೆ ಬರಲು ಅದು ಒಳ್ಳೆಯ ಪಾಠವೇ ಆಗಿತ್ತು. ಆದರೆ ಸ್ಪರ್ಧೆಯ ಈಜಿಗೆ ಬೇಕಾದ ಮೂರೂ ವಸ್ತುಗಳು, ಅಂದರೆ ಅಳೆದ ದೂರ, ಗಟ್ಟಿ ಗೋಡೆ ಮತ್ತು ತಳದಲ್ಲಿ ಕಾಣುವ ಕಪ್ಪು ಗೆರೆ, ಕೆರೆಯಲ್ಲಿ ಇರುವುದಿಲ್ಲ. ಗೆರೆ ಇಲ್ಲದಿದ್ದರೆ ದಾರಿ ನೋಡಲು ತಲೆ ಎತ್ತಲೇಬೇಕು, ತಲೆ ಎತ್ತುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಮಲೆನಾಡಿನ ಅಂಚಿನ ನಮ್ಮ ಜಿಲ್ಲೆಯಲ್ಲಿ ಡಿಸೆಂಬರ್, ಜನವರಿಯ ಮುಂಜಾನೆ ಕೆರೆಯ ನೀರು ಕೈಕಾಲು ಸೆಟೆಯುವಷ್ಟು ತಣ್ಣಗಿರುತ್ತದೆ. ಸ್ಪರ್ಧೆಯ ಕೊಳದ ನೀರನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ಸ್ನಾಯುಗಳು ಸಡಿಲವಾಗಿ ದುಡಿಯಲೆಂದೇ.

ಇದಕ್ಕಿಂತ ಮುಖ್ಯವಾದದ್ದು ಅಪಾಯ. ಆಳ ತಿಳಿಯದ ನೀರಿಗೆ ತಲೆಕೆಳಗಾಗಿ ಹಾರಿದರೆ ಕತ್ತಿನ ಮೂಳೆ ಮುರಿಯಬಹುದು. ಮುಳುಗಡೆಯಾದ ಹಿನ್ನೀರಿನಲ್ಲಿ ಮರದ ಬೊಡ್ಡೆಗಳೂ ಹೂಳೂ ಇರುತ್ತವೆ. ಹೊಲಗಳಲ್ಲಿನ ಕೃಷಿ ಹೊಂಡಗಳು ಇನ್ನೂ ಘೋರ, ಅವುಗಳ ಓರೆ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುವುದರಿಂದ ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಅಲ್ಲಿ ಮಕ್ಕಳನ್ನು ಇಳಿಸಲೇಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈ ಸ್ಪರ್ಧೆಯಲ್ಲಿ ಭಾರತೀಯರು ಎಲ್ಲಿದ್ದಾರೆ?

ವೀರಧವಳ ಖಾಡೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಿದವರು, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 50 ಮೀಟರ್ ಬಟರ್‌ಫ್ಲೈನಲ್ಲಿ ಕಂಚು ತಂದವರು. 2018ರ ಜಕಾರ್ತಾ ಏಷ್ಯನ್ ಕೂಟದ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ಅವರು ಹೀಟ್ಸ್‌ನಲ್ಲಿ 22.43ರ ರಾಷ್ಟ್ರೀಯ ದಾಖಲೆ ಬರೆದು, ಫೈನಲ್‌ನಲ್ಲಿ 22.47ಕ್ಕೆ ಗೋಡೆ ಮುಟ್ಟಿ, 0.01 ಸೆಕೆಂಡಿನಿಂದ ಕಂಚು ಕಳೆದುಕೊಂಡರು. ಹೀಟ್ಸ್‌ನ ಸಮಯವನ್ನೇ ಮರಳಿ ಈಜಿದ್ದರೆ ಪದಕ ಅವರದ್ದಾಗುತ್ತಿತ್ತು.

ಪ್ಯಾರಿಸ್‌ಗೆ ನೇರ ಅರ್ಹತೆ ಪಡೆಯಲು ಪುರುಷರ 50 ಮೀಟರ್‌ಗೆ 21.96, 100 ಮೀಟರ್‌ಗೆ 48.34 ಸೆಕೆಂಡುಗಳ ಗಡಿ ಇತ್ತು. ಬೆಂಗಳೂರಿನಲ್ಲಿ ಬೆಳೆದ ಶ್ರೀಹರಿ ನಟರಾಜ್ ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿದರು. ಬೆಂಗಳೂರಿನವರೇ ಆದ ಧಿನಿಧಿ ದೇಸಿಂಗು ಹದಿನಾಲ್ಕರ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ಮಹಿಳೆಯರ 200 ಮೀಟರ್ ಫ್ರೀಸ್ಟೈಲ್ ಈಜಿದರು. ಕರ್ನಾಟಕದ ಈಜು ಎಂದರೆ ಬೆಂಗಳೂರಿನ ಈಜು ಎಂಬಂತಾಗಿರುವುದು ನನಗೆ ನೋವಿನ ಸಂಗತಿ. ಪ್ರತಿಭೆ ಅಲ್ಲಿಗಷ್ಟೇ ಸೀಮಿತವಾಗಿಲ್ಲ. ಅಲ್ಲಿ 50 ಮೀಟರ್ ಕೊಳಗಳಿವೆ, ದಿನವೂ ಎರಡು ಹೊತ್ತು ದಂಡೆಯಲ್ಲಿ ನಿಲ್ಲುವ ಕೋಚ್‌ಗಳಿದ್ದಾರೆ, ಜೊತೆಗೆ ಈಜಿ ಪೈಪೋಟಿ ಕೊಡುವ ಓರಗೆಯವರಿದ್ದಾರೆ. ಹಾಸನದ ಮಗುವಿಗೆ ಇವೆಲ್ಲ ಸಿಗಬೇಕಾದರೆ ಮನೆಮಂದಿಯೆಲ್ಲ ಊರು ಬಿಡಬೇಕಾಗುತ್ತದೆ. ಜಿಲ್ಲೆಗೊಂದು ಪೂರ್ಣ ಉದ್ದದ, ವರ್ಷವಿಡೀ ತೆರೆದಿರುವ ಕೊಳವನ್ನು ಕೇಳುವುದು ದುಬಾರಿ ಬೇಡಿಕೆಯಲ್ಲ.

ಯಾವ ವಯಸ್ಸಿನಲ್ಲಿ ಶಿಖರ ಮುಟ್ಟುತ್ತಾರೆ? ಹದಿಮೂರಕ್ಕೆ ಶುರು ಮಾಡಿದರೆ ತಡವೇ?

ಚಾಮರ್ಸ್ 2016ರಲ್ಲಿ ಚಿನ್ನ ಗೆದ್ದಾಗ ಅವರಿಗೆ 18, ಪ್ಯಾರಿಸ್‌ನಲ್ಲಿ ಪಾನ್‌ಗೆ 19. ಸಿಡ್ನಿಯಲ್ಲಿ ಚಿನ್ನ ಹಂಚಿಕೊಂಡಿದ್ದ ಎರ್ವಿನ್ ನಡುವೆ ವರ್ಷಗಟ್ಟಲೆ ಈಜನ್ನೇ ಬಿಟ್ಟಿದ್ದು, ಮರಳಿ ಬಂದು ರಿಯೋದಲ್ಲಿ 35ರ ವಯಸ್ಸಿನಲ್ಲಿ 50 ಮೀಟರ್ ಮತ್ತೆ ಗೆದ್ದರು. ಹದಿಮೂರು ತಡವಲ್ಲ, ಆದರೆ ತಂತ್ರ ಕೂರುವವರೆಗೆ ಸ್ಪರ್ಧೆಗೆ ಅವಸರಿಸಬೇಡಿ.

ಮುಂದಿನ ಸಲ ಟಿವಿಯಲ್ಲಿ ನೋಡುವಾಗ ಏನನ್ನು ಗಮನಿಸಬೇಕು?

ಮೊದಲು, ತಲೆಗಳು ನೀರಿನಿಂದ ಮೇಲೆ ಬರುವಾಗ ಯಾರು ಮುಂದಿದ್ದಾರೆಂದು ನೋಡಿ. ಬಳಿಕ ತಿರುವು: ಕಾಲು ಗೋಡೆಗೆ ತಾಗಿ ಬಿಡುವ ಹೊತ್ತು ಮತ್ತು ಒಳಗೆ ಸಾಗುವ ದೂರ. 75 ಮೀಟರಿನಿಂದಾಚೆ ಮುಂದಿರುವವನ ಕೈಬೀಸು ಅವಸರದ್ದಾಗಿ, ಗಿಡ್ಡದಾಗಿ ಕಂಡರೆ ಅವನು ಸೋಲುವ ಸಾಧ್ಯತೆ ಹೆಚ್ಚು. ಕೊನೆಗೆ ಸ್ಪರ್ಶ. 2012ರ ಲಂಡನ್ ಫೈನಲ್‌ನಲ್ಲಿ ಅಮೆರಿಕದ ನೇಥನ್ ಏಡ್ರಿಯನ್ 47.52ಕ್ಕೂ ಆಸ್ಟ್ರೇಲಿಯಾದ ಜೇಮ್ಸ್ ಮ್ಯಾಗ್ನುಸೆನ್ 47.53ಕ್ಕೂ ಮುಗಿಸಿದರು. ಆ ವೇಗದಲ್ಲಿ ನೂರರ ಒಂದು ಪಾಲು ಸೆಕೆಂಡೆಂದರೆ ಎರಡು ಸೆಂಟಿಮೀಟರ್, ಬೆರಳಿನ ಒಂದು ಗೆಣ್ಣಿನಷ್ಟು. ಆ ಓಟದ ಕೊನೆಯ ಐದು ಮೀಟರನ್ನು ನಿಧಾನಗತಿಯಲ್ಲಿ ಮಕ್ಕಳಿಗೆ ತೋರಿಸಿ, ಇಬ್ಬರ ಕೈಗಳೂ ಗೋಡೆಗೆ ಚಾಚುವುದನ್ನು ಅವರೇ ನೋಡಲಿ.